ಕಣ್ಣಿನ ಮಗು, ಕಿವಿಯ ಮಗು

"ನಮ್ಮ ಹುಡುಗ ಕಿವಿಯಿಂದ ಕಲಿಯುವವನಲ್ಲ, ಕಣ್ಣಿನಿಂದ ಕಲಿಯುವವನು. ಚಿತ್ರ ತೋರಿಸಿದರೆ ಹಿಡಿಯುತ್ತಾನೆ, ಬಾಯಿಮಾತಿನ ಪಾಠ ತಲೆಗೆ ಹತ್ತುವುದಿಲ್ಲ" ಎಂದು ತಾಯಿ ನೆರೆಮನೆಯಾಕೆಗೆ ಹೇಳುತ್ತಾಳೆ. ಬಾಗಿಲ ಮರೆಯಲ್ಲಿ ನಿಂತ ಹುಡುಗನೂ ಅದನ್ನು ಕೇಳಿಸಿಕೊಳ್ಳುತ್ತಾನೆ. ಮರುದಿನ ಉಪಾಧ್ಯಾಯರು ಪಾಠ ಹೇಳತೊಡಗಿದೊಡನೆ, 'ಇದು ನನಗಲ್ಲ' ಎಂದು ಕಿಟಕಿಯ ಕಡೆಗೆ ಮುಖ ತಿರುಗಿಸುತ್ತಾನೆ. ಅನರ್ಥದ ಆರಂಭ ಅಲ್ಲಿಯೇ.

ಈ ನಂಬಿಕೆ ಅಜ್ಜಿಯ ಕಥೆಯಿಂದ ಹುಟ್ಟಿದ್ದಲ್ಲ. ವಿದ್ಯಾವಂತರ ಮುದ್ರೆಯೊತ್ತಿಸಿಕೊಂಡು ಬಂದದ್ದು. ನ್ಯೂಜಿಲೆಂಡಿನಲ್ಲಿ ಶಾಲಾ ತನಿಖಾಧಿಕಾರಿಯಾಗಿದ್ದ ನೀಲ್ ಫ್ಲೆಮಿಂಗ್ ಎಂಬವರು 1987ರಲ್ಲಿ ಒಂದು ಪ್ರಶ್ನಾವಳಿಯನ್ನು ರಚಿಸಿ, ನೋಡುವುದು, ಕೇಳುವುದು, ಓದಿ ಬರೆಯುವುದು, ಮಾಡಿ ತಿಳಿಯುವುದು ಎಂದು ಕಲಿಯುವವರ ಒಲವನ್ನು ನಾಲ್ಕಾಗಿ ವಿಂಗಡಿಸಿದರು. ಇಂಥ ಪದ್ಧತಿ ಅದೊಂದೇ ಅಲ್ಲ. 2004ರಲ್ಲಿ ಬ್ರಿಟನ್ನಿನ ವಿದ್ವಾಂಸರು ಲೆಕ್ಕ ಹಾಕಿದಾಗ 71 ಪದ್ಧತಿಗಳು ದೊರೆತವು! 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸ್ ದೇಶಗಳ ಉಪಾಧ್ಯಾಯರ ಪೈಕಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ, ಅವರವರ ಶೈಲಿಯಲ್ಲಿ ಪಾಠ ಹೇಳಿದರೆ ಮಕ್ಕಳು ಹೆಚ್ಚು ಕಲಿಯುವರೆಂದು ನಂಬಿದ್ದರು.

ಆದರೆ ನಂಬುವವರ ಸಂಖ್ಯೆ ಸತ್ಯಕ್ಕೆ ಪ್ರಮಾಣವಾಗಲಾರದು. 'ಕಣ್ಣಿನವರ' ಅರ್ಧ ಭಾಗಕ್ಕೆ ಚಿತ್ರದಿಂದ, ಉಳಿದರ್ಧಕ್ಕೆ ಮಾತಿನಿಂದ ಕಲಿಸಬೇಕು, 'ಕಿವಿಯವರಿಗೂ' ಹಾಗೆಯೇ. ಅನಂತರ ಎಲ್ಲರಿಗೂ ಒಂದೇ ಪರೀಕ್ಷೆ. ಕಣ್ಣಿನವರು ಚಿತ್ರದಿಂದಲೂ ಕಿವಿಯವರು ಮಾತಿನಿಂದಲೂ ಹೆಚ್ಚು ಕಲಿತರೆ ಮಾತ್ರ ವಾದ ನಿಲ್ಲುತ್ತದೆ. 2008ರಲ್ಲಿ ಅಮೆರಿಕದ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಹಿಂದಿನ ಸಂಶೋಧನೆಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿದರು. ಬಹುಪಾಲು ಸಂಶೋಧನೆಗಳು ಇಂಥ ಪರೀಕ್ಷೆಯನ್ನೇ ನಡೆಸಿರಲಿಲ್ಲ. ನಡೆಸಿದವುಗಳಲ್ಲಿ ಹಲವು ಈ ನಂಬಿಕೆಗೆ ವಿರುದ್ಧವಾಗಿದ್ದವು.

"ಹಾಗಾದರೆ ಮಕ್ಕಳೆಲ್ಲ ಒಂದೇ ಅಚ್ಚಿನವರೇ?" ಎಂದು ಕೇಳುವವರುಂಟು. ಖಂಡಿತ ಅಲ್ಲ. ಅಭಿರುಚಿ ಬೇರೆ, ಪೂರ್ವಜ್ಞಾನ ಬೇರೆ. ದೃಷ್ಟಿಯ ಅಥವಾ ಶ್ರವಣದ ಕೊರತೆಯಿರುವ ಮಗುವಿನ ಅಗತ್ಯವೂ ಬೇರೆ. ಆದರೆ ಮೆಚ್ಚಿದ್ದೆಲ್ಲ ಹಿತವಲ್ಲವೆಂಬುದು ಊಟಕ್ಕೆ ಹೇಗೋ ಪಾಠಕ್ಕೂ ಹಾಗೆಯೇ. ಕಲಿಸುವ ಬಗೆಯನ್ನು ಹೆಚ್ಚಾಗಿ ನಿರ್ಧರಿಸಬೇಕಾದದ್ದು ವಿಷಯವೇ. ಕಾವೇರಿಯ ಹರಿವಿಗೆ ಭೂಪಟ ಬೇಕು, ರಾಗವನ್ನು ಕೇಳಿಯೇ ಕಲಿಯಬೇಕು, ಈಜಿಗೆ ನೀರಿಗಿಳಿಯಬೇಕು. ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಕೂಲಿಮಠದ ಐಗಳು ಮಕ್ಕಳನ್ನು ವಿಂಗಡಿಸಲಿಲ್ಲ. ಬೆರಳು ಬರೆಯುತ್ತಿತ್ತು, ಬಾಯಿ ಉಚ್ಚರಿಸುತ್ತಿತ್ತು, ಕಿವಿ ಕೇಳುತ್ತಿತ್ತು, ಕಣ್ಣು ನೋಡುತ್ತಿತ್ತು.

ನಿಜವಾಗಿ ನೆರವಾಗುವ ಉಪಾಯ ಬಹು ಸರಳವಾದದ್ದು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗವನ್ನು ಕೊಟ್ಟರು. ಕೆಲವರು ಅದನ್ನು ಎರಡು ಬಾರಿ ಓದಿದರು. ಕೆಲವರು ಒಮ್ಮೆ ಓದಿ, ಪುಟ ಮುಚ್ಚಿ, ನೆನಪಿದ್ದದ್ದನ್ನು ಬರೆದರು. 5 ನಿಮಿಷದ ಬಳಿಕ ಪರೀಕ್ಷಿಸಿದಾಗ ಮರಳಿ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕವೋ, ಓದಿದವರಿಗೆ ನೂರಕ್ಕೆ 42 ಪಾಲು, ನೆನೆದು ಬರೆದವರಿಗೆ 56 ಪಾಲು ಉಳಿದಿತ್ತು.

ಆದ್ದರಿಂದ ಆ ತಾಯಿ ಮಗನಿಗೆ ಅಂಟಿಸಿದ ಹೆಸರನ್ನು ಕಿತ್ತುಹಾಕಿ, ಸಂಜೆ ಅಡಿಗೆಮನೆಯಿಂದಲೇ, "ಪುಸ್ತಕ ಮುಚ್ಚಿ, ಇಂದಿನ ಪಾಠ ಹೇಳು" ಎಂದರೆ ಸಾಕು. ಹುಡುಗ ತಡವರಿಸಿಯಾನು, ತಡವರಿಸಲಿ. 'ಹಾಡುತ್ತ ಹಾಡುತ್ತ ರಾಗ' ಎಂದ ಹಿರಿಯರು ಕಣ್ಣಿನವರು, ಕಿವಿಯವರು ಎಂಬ ಭೇದವನ್ನು ಎಣಿಸಲಿಲ್ಲ.