ಇನ್ನೂರು ಗಂಟೆಗಳ ಹಾರಾಟ: ಅಗ್ಗದ ದರವೋ, ಕಡಿಮೆ ವೆಚ್ಚವೋ?

ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಮಕ್ಕಳು ವಾಣಿಜ್ಯ ಪೈಲಟ್ ವೃತ್ತಿಯತ್ತ ಒಲವು ತೋರುತ್ತಿರುವುದು ಸ್ವಾಗತಾರ್ಹ. ಆದರೆ ಈ ತರಬೇತಿಗೆ ಬೇಕಾದ ಹಣ ಅನೇಕ ವೇಳೆ ಅಂಗಡಿಯ ಅಥವಾ ಕಾರ್ಖಾನೆಯ ದುಡಿಯುವ ಬಂಡವಾಳದಿಂದಲೇ ಹೊರಡುತ್ತದೆ. ಆದ್ದರಿಂದ ಹೊಸ ಯಂತ್ರ ಕೊಳ್ಳುವಾಗ ವಹಿಸುವ ಎಚ್ಚರವನ್ನು ಇಲ್ಲಿಯೂ ವಹಿಸಬೇಕೆಂಬುದು ನನ್ನ ಅಭಿಪ್ರಾಯ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದಂತೆ ಈ ಪರವಾನಗಿಗೆ ಒಟ್ಟು 200 ಗಂಟೆಗಳ ಹಾರಾಟ ಅಗತ್ಯ. ಅದರಲ್ಲಿ 100 ಗಂಟೆ ಅಭ್ಯರ್ಥಿಯೇ ಮುಖ್ಯ ಚಾಲಕನಾಗಿರಬೇಕು. ಈ ಪೈಕಿ 20 ಗಂಟೆ ದೂರದ ಊರುಗಳ ನಡುವಿನ ಹಾರಾಟವಾಗಿರಬೇಕು. 10 ಗಂಟೆ ಉಪಕರಣಗಳ ಆಧಾರದ ಹಾರಾಟ ಹಾಗೂ 5 ಗಂಟೆ ರಾತ್ರಿ ಹಾರಾಟವೂ ಬೇಕು. ಖರ್ಚಿನ ಬಹುಪಾಲು ಈ ಗಂಟೆಗಳದ್ದೇ.

ಪಾಲಕರು ಮೊದಲು ವಿಚಾರಿಸುವುದು ಗಂಟೆಯ ದರವನ್ನು. ಇಲ್ಲಿಯೇ ಲೆಕ್ಕ ತಪ್ಪುತ್ತದೆ. ಉದಾಹರಣೆಗೆ, ಒಂದು ಶಾಲೆಯ ದರ ಗಂಟೆಗೆ ರೂ. 15,000, ಇನ್ನೊಂದರದು ರೂ. 13,000 ಎಂದು ಇಟ್ಟುಕೊಳ್ಳೋಣ. 200 ಗಂಟೆಗೆ ಉಳಿತಾಯ ರೂ. 4 ಲಕ್ಷ. ಆದರೆ ವಿಮಾನಗಳ ದುರಸ್ತಿ, ಬೋಧಕರ ಕೊರತೆಗಳಿಂದಾಗಿ ಎರಡನೆಯ ಶಾಲೆಯಲ್ಲಿ ತರಬೇತಿ ಒಂದು ವರ್ಷ ತಡವಾದರೆ, ತಿಂಗಳಿಗೆ ರೂ. 25,000ದಂತೆ ಊಟ-ವಸತಿಗೆ ರೂ. 3 ಲಕ್ಷ, ರೂ. 25 ಲಕ್ಷದ ಸಾಲಕ್ಕೆ ಶೇ. 11ರಂತೆ ಬಡ್ಡಿ ರೂ. 2.75 ಲಕ್ಷ. ಅಗ್ಗದ ಶಾಲೆಯೇ ರೂ. 1.75 ಲಕ್ಷ ದುಬಾರಿಯಾಯಿತು! ಹಾರಾಟದ ನಡುವೆ ಬಹಳ ದಿನ ಬಿಡುವಾದರೆ ಕಲಿತ ಪಾಠವನ್ನೇ ಹಣ ತೆತ್ತು ಮತ್ತೆ ಕಲಿಯಬೇಕಾದೀತು. ಒಂದು ವರ್ಷದ ಸಂಬಳವೂ ಕೈತಪ್ಪುತ್ತದೆ.

ಹಾಗಾದರೆ ನಿಜವಾದ ಮಿತವ್ಯಯದ ಮಾರ್ಗ ಯಾವುದು?

1. ಮೊದಲ ದರ್ಜೆಯ ವೈದ್ಯಕೀಯ ತಪಾಸಣೆಯಲ್ಲಿ ತೇರ್ಗಡೆಯಾಗುವ ಮುನ್ನ ದೊಡ್ಡ ಮೊತ್ತ ಪಾವತಿಸಬಾರದು. ವಾಯು ನೌಕಾಯಾನ, ಹವಾಮಾನ ಶಾಸ್ತ್ರ, ನಿಯಮಾವಳಿಗಳ ಪರೀಕ್ಷೆಗಳನ್ನು ಸಾಧ್ಯವಾದಷ್ಟು ಮೊದಲೇ ಮುಗಿಸುವುದು ಲೇಸು.

2. ಹಾರಾಡುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಬೋಧಕರೆಷ್ಟು, ವಿದ್ಯಾರ್ಥಿಗಳೆಷ್ಟು, ಹಿಂದಿನ ತಂಡ ಎಷ್ಟು ತಿಂಗಳಲ್ಲಿ ಮುಗಿಸಿತು ಎಂಬುದನ್ನು ವಿದ್ಯಾರ್ಥಿಗಳಿಂದಲೇ ತಿಳಿಯಬೇಕು. ಡಿಜಿಸಿಎ 2025ರಿಂದ ತರಬೇತಿ ಸಂಸ್ಥೆಗಳಿಗೆ ಶ್ರೇಣಿ ನೀಡತೊಡಗಿದೆ. ಮೊದಲ ಪಟ್ಟಿಯ ಮೇಲಿನ ಎರಡು ಶ್ರೇಣಿಗಳಲ್ಲಿ ಒಂದು ಸಂಸ್ಥೆಯೂ ಇರಲಿಲ್ಲವೆಂಬುದು ಗಮನಾರ್ಹ.

3. ಗಂಟೆಗಳನ್ನು ಕೂಡಿಸಲು ಸೆಸ್ನಾ 152ರಂತಹ ಎರಡು ಆಸನದ ಚಿಕ್ಕ ವಿಮಾನ ಸಾಕು. ಸೆಸ್ನಾ 172ಕ್ಕಿಂತ ಅದಕ್ಕೆ ಇಂಧನ ಕಡಿಮೆ. ಉಪಕರಣ ಹಾರಾಟದ 10 ಗಂಟೆಗಳಲ್ಲಿ 5ರವರೆಗೆ ಮಾನ್ಯತೆ ಪಡೆದ ಸಿಮ್ಯುಲೇಟರ್‌ನಲ್ಲಿ ಮುಗಿಸಲು ಅವಕಾಶವಿದೆ.

4. ಶುಲ್ಕವನ್ನು ಹಾರಿದ ಗಂಟೆಗಳಿಗೆ ತಕ್ಕಂತೆ ಕಂತುಗಳಲ್ಲಿ ಕೊಡುವ ಲಿಖಿತ ಕರಾರು ಇರಲಿ. ಸರಕು ಬರುವ ಮುನ್ನ ಪೂರ್ತಿ ಹಣ ಕೊಡುವ ವರ್ತಕರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ತೆರಿಗೆಯ ಬಗ್ಗೆಯೂ ಒಂದೆರಡು ಮಾತು. ಡಿಜಿಸಿಎ ಮಾನ್ಯತೆ ಪಡೆದ ಸಂಸ್ಥೆಗಳ ಮಾನ್ಯ ಹಾರಾಟ ತರಬೇತಿಗೆ ಜಿ.ಎಸ್.ಟಿ. ವಿನಾಯಿತಿ ಇದೆಯೆಂದು 2024ರ ಅಕ್ಟೋಬರ್ ತಿಂಗಳ ಸುತ್ತೋಲೆ ಸ್ಪಷ್ಟಪಡಿಸಿದೆ. ಬಿಲ್ಲಿನಲ್ಲಿ ತೆರಿಗೆ ಸೇರಿಸಿದ್ದರೆ ವಿವರಣೆ ಕೇಳಿ. ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷಗಳವರೆಗೆ ಆದಾಯದಲ್ಲಿ ಕಡಿತ ದೊರೆಯುತ್ತದೆ. ಆದರೆ ಇದು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ. ಸಾಲವೂ ವ್ಯಕ್ತಿಯ ಹೆಸರಿನಲ್ಲಿರಬೇಕು. ಸಂಸ್ಥೆಯ ಕ್ಯಾಶ್ ಕ್ರೆಡಿಟ್ ಖಾತೆಯಿಂದ ತೆಗೆದ ಹಣಕ್ಕೆ ಈ ಸೌಲಭ್ಯವಿಲ್ಲ. ಮಗನ ತರಬೇತಿ ವೆಚ್ಚವನ್ನು ವ್ಯಾಪಾರದ ಖರ್ಚೆಂದು ಬರೆದರೆ ತನಿಖೆಯಲ್ಲಿ ನಿಲ್ಲುವುದು ಕಷ್ಟ.

ಇನ್ನೊಂದು ಆಮಿಷದಿಂದ ದೂರವಿರಲೇಬೇಕು. ಹಾರದ ಗಂಟೆಗಳನ್ನು ಹಾರಿದಂತೆ ದಾಖಲೆ ಪುಸ್ತಕದಲ್ಲಿ ಬರೆಯುವುದು ಸುಳ್ಳು ಲೆಕ್ಕಪತ್ರಕ್ಕಿಂತಲೂ ಘೋರ ಅಪರಾಧ. 2011ರಲ್ಲಿ ಇಂತಹ ಅಕ್ರಮಗಳು ಬಯಲಾಗಿ ಹಲವರ ಬಂಧನವಾಯಿತು. ಇಲ್ಲಿ ಪಣಕ್ಕಿರುವುದು ಪ್ರಯಾಣಿಕರ ಪ್ರಾಣ.

ಪರವಾನಗಿ ಕೈಸೇರಿದೊಡನೆ ಖರ್ಚು ನಿಲ್ಲುವುದಿಲ್ಲ. ನಿರ್ದಿಷ್ಟ ಮಾದರಿಯ ವಿಮಾನದ ತರಬೇತಿಗೆ ಮತ್ತೆ ಹಲವು ಲಕ್ಷ ಬೇಕು, ಉದ್ಯೋಗಕ್ಕೂ ಕಾಯಬೇಕಾಗಬಹುದು. ಈ ಅವಧಿಯ ಮೀಸಲು ಹಣವನ್ನೂ ಸೇರಿಸಿ ಅಂದಾಜು ಪತ್ರ ಸಿದ್ಧಪಡಿಸಿ, ಅನಂತರವೇ ಸಹಿ ಹಾಕುವುದು ವಿವೇಕ. ಮಗ ಅಥವಾ ಮಗಳು ಹಾರುವ ಕನಸಿಗಾಗಿ ಅಂಗಡಿಯ ಬಾಗಿಲು ಮುಚ್ಚುವಂತಾಗಬಾರದು.