ಶಿಫ್ಟ್ ಮುಗಿದ ಮೇಲೆ – 14: ‘ಸಣ್ಣಪುಟ್ಟ ಸುಧಾರಣೆ’ ಅಂದ್ರೆ ಏನ್ರೀ?

“ಅಕ್ಕಾ, ಫೋನು ಅಪ್‌ಡೇಟ್ ಕೇಳ್ತಿದೆ, ಒತ್ತಲಾ ಬೇಡ್ವಾ?” ಊರಿಂದ ನನಗೆ ಅತಿ ಹೆಚ್ಚು ಬರೋ ಮೆಸೇಜ್ ಇದೇ. ಒತ್ತಿ. ಆದ್ರೆ ನಿಮಗೆ ಅನುಮಾನ ಬಂದಿದ್ದು ನಿಮ್ಮ ತಪ್ಪಲ್ಲ. ಏನು ಬದಲಾಗುತ್ತೆ ಅಂತ ನೆಟ್ಟಗೆ ಹೇಳದವರ ತಪ್ಪು.

ಇಲ್ಲಿ ಇಂಗ್ಲೆಂಡಿನಲ್ಲಿ ನಾವು ಶಿಫ್ಟ್ ಬದಲಾಗುವಾಗ ಹ್ಯಾಂಡೋವರ್ ಕೊಡ್ತೀವಿ. ಈಗ ಏನಾಗಿದೆ, ಹಿಂದೆ ಏನಿತ್ತು, ನನಗೇನನ್ನಿಸುತ್ತೆ, ಮುಂದೇನು ಮಾಡಬೇಕು, ಹೀಗೆ ನಾಲ್ಕು ಭಾಗ. ರಾತ್ರಿ ಡ್ಯೂಟಿಯವಳು “ಏಳನೇ ಬೆಡ್ಡಿನವರಿಗೆ ಸಣ್ಣಪುಟ್ಟ ಸುಧಾರಣೆ ಮಾಡಿದೀನಿ” ಅಂದು ಬ್ಯಾಗ್ ಎತ್ಕೊಂಡು ಹೊರಟ್ರೆ ಯಾರಾದ್ರೂ ಬಿಡ್ತಾರಾ? ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ ಅಂತ ಕೇಳೇ ಕೇಳ್ತಾರೆ. ಆ್ಯಪ್‌ಗಳು ಮಾತ್ರ ವಾರ ವಾರ “ದೋಷ ಸರಿಪಡಿಸಲಾಗಿದೆ” ಅಂದು ಕೈ ತೊಳ್ಕೊಳ್ತವೆ.

2017ರ ಜನವರಿಯಲ್ಲಿ ಆಪಲ್ ಒಂದು ಅಪ್‌ಡೇಟ್ ಬಿಟ್ಟಿತು. ಬ್ಯಾಟರಿ ಹಳತಾದ ಐಫೋನ್ ಇದ್ದಕ್ಕಿದ್ದಂತೆ ಆಫ್ ಆಗಬಾರದು ಅಂತ ಅದರ ವೇಗವನ್ನೇ ತಗ್ಗಿಸೋ ವ್ಯವಸ್ಥೆ ಅದರಲ್ಲಿತ್ತು. ಕಾರಣ ಸರಿಯೇ. ಆದ್ರೆ ಹಾಗಂತ ಸ್ಪಷ್ಟವಾಗಿ ಹೇಳಲಿಲ್ಲ. ಡಿಸೆಂಬರಿನಲ್ಲಿ ವಿಷಯ ಬಯಲಾಯ್ತು, ಕಂಪನಿ ಕ್ಷಮೆ ಕೇಳಿತು. ಗ್ರಾಹಕರಿಗೆ ತಿಳಿಸಲಿಲ್ಲ ಅಂತ 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ಹಾಕಿತು.

ಹಾಗಂತ ಅಪ್‌ಡೇಟೇ ಬೇಡ ಅನ್ನಬೇಡಿ. ಅದೇ 2017ರ ಮೇ 12ರಂದು ವನ್ನಾಕ್ರೈ ವೈರಸ್ ಇಲ್ಲಿನ ಎನ್‌ಎಚ್‌ಎಸ್‌ಗೂ ಬಡಿಯಿತು. ಅಂದಾಜು 19,000 ಅಪಾಯಿಂಟ್‌ಮೆಂಟ್ ರದ್ದಾದವು. ಅದನ್ನು ತಡೆಯೋ ಅಪ್‌ಡೇಟನ್ನ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಿತ್ತು. ಎಷ್ಟೋ ಕಂಪ್ಯೂಟರುಗಳಿಗೆ ಹಾಕಿರಲಿಲ್ಲ. ಅಪ್‌ಡೇಟ್ ಬೇಕೇ ಬೇಕು. ಅದಕ್ಕೇ ಅದರ ಮೇಲೆ ಜನರಿಗೆ ನಂಬಿಕೆ ಇರಬೇಕು. ಹೇಳದೇ ಮಾಡಿದ್ರೆ ನಂಬಿಕೆ ಎಲ್ಲಿಂದ ಬರುತ್ತೆ?

“ಯಾರೂ ಓದಲ್ಲ” ಅಂತಾರೆ ಸಾಫ್ಟ್‌ವೇರಿನವರು. ಓದೋಕೆ ಏನಾದ್ರೂ ಬರೆದಿದ್ರೆ ತಾನೇ! ಕಳ್ಳರಿಗೆ ದಾರಿ ತೋರಿಸೋ ವಿವರ ಬೇಡ, ಒಪ್ಪಿದೆ. ಮೂರು ಸಾಲು ಸಾಕು: ಏನು ಬದಲಾಯ್ತು, ಬಳಸೋರಿಗೆ ಏನು ವ್ಯತ್ಯಾಸ, ಅವರೀಗ ಏನು ಮಾಡಬೇಕು. ಅದೂ ಕನ್ನಡದಲ್ಲಿ. ಜಾಹೀರಾತು ಕನ್ನಡದಲ್ಲಿ ಬರುತ್ತಲ್ಲ, ಇದ್ಯಾಕೆ ಬರಬಾರದು?

ಇದು ಬರೀ ಕಿರಿಕಿರಿಯ ಮಾತಲ್ಲ. ಫೋನ್ ಅಪ್‌ಡೇಟ್ ಆದಮೇಲೆ ಅಥವಾ ಸೆಟ್ಟಿಂಗ್ ಬದಲಾದ್ರೆ ಶುಗರ್ ಸೆನ್ಸರಿನ ಅಲಾರಂ ಕೇಳಿಸದೇ ಹೋಗಬಹುದು ಅಂತ ಅಮೆರಿಕದ ಎಫ್‌ಡಿಎ 2025ರ ಫೆಬ್ರವರಿಯಲ್ಲಿ ಎಚ್ಚರಿಸಿದೆ. ರಾತ್ರಿ ಶುಗರ್ ಇಳಿದಾಗ ಅಲಾರಂ ಹೊಡೀಲಿಲ್ಲ ಅಂದ್ರೆ ಜೀವಕ್ಕೇ ಕುತ್ತು.

ತೋಳಿಗೆ ಸೆನ್ಸರ್ ಹಾಕ್ಕೊಂಡಿರೋ ದೊಡ್ಡಪ್ಪ, ಅತ್ತೆ, ನೀವೆಲ್ಲ ಒಂದು ಕೆಲಸ ಮಾಡಿ. ಫೋನಿನ ಆಟೋ ಅಪ್‌ಡೇಟ್ ಆಫ್ ಮಾಡಿಸಿ. ಹೊಸ ಅಪ್‌ಡೇಟ್ ಬಂದಾಗ ನಿಮ್ಮ ಸೆನ್ಸರಿಗೆ ಅದು ಹೊಂದುತ್ತಾ ಅಂತ ಸೆನ್ಸರ್ ಕಂಪನಿಯವರನ್ನ ಕೇಳಿ, ಹೂಂ ಅಂದಮೇಲೆ ಹಾಕಿ. ಆಮೇಲೆ ಸದ್ದು, ನೋಟಿಫಿಕೇಶನ್, ಬ್ಲೂಟೂತ್ ಮೂರನ್ನೂ ಮಕ್ಕಳ ಕೈಲಿ ನೋಡಿಸಿ.