ಕುಕ್ಕರಹಳ್ಳಿ ಕೆರೆ ಏರಿ ಯಾರಿಗೆ?

ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿಂತರೆ ಅರ್ಧ ಮೈಸೂರು ಅಲ್ಲೇ ಸಿಗುತ್ತದೆ. ಸಕ್ಕರೆ ಕಾಯಿಲೆಯವರು, ರಿಟೈರಾದ ಮೇಷ್ಟ್ರುಗಳು, ಅಂಗಡಿ ಬಾಗಿಲು ತೆಗೆಯೋ ಮುಂಚೆ ಒಂದು ಸುತ್ತು ಹಾಕಿ ಬರುವ ಮಾರ್ಕೆಟ್ಟಿನ ಸಾಹುಕಾರರು, ದುರ್ಬೀನು ಕೊರಳಿಗೆ ಹಾಕಿಕೊಂಡ ಹುಡುಗರು. ಎಲ್ಲರೂ ಇದ್ದಾರೆ. ಕಾಲು ಸ್ವಾಧೀನದಲ್ಲಿ ಇಲ್ಲದವರು, ಕಣ್ಣು ಕಾಣದವರು, ಎಂಬತ್ತು ದಾಟಿ ಕೋಲೂರಿದವರು ಮಾತ್ರ ಅಪರೂಪ. ಅವರಿಗೇನು ಹಕ್ಕಿ ನೋಡೋ ಆಸೆ ಇಲ್ಲವೇ? ತಣ್ಣನೆ ಗಾಳಿ ಬೇಡವೇ? ಮನೆಯಿಂದ ಏರಿವರೆಗೆ ಬರೋದೇ ಅವರಿಗೆ ದೊಡ್ಡ ಯಾತ್ರೆ. ಅದಕ್ಕೇ ಬರೋದಿಲ್ಲ.

1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಕೆರೆ ಕಟ್ಟಿಸಿದ್ದು ಗದ್ದೆ ತೋಟಕ್ಕೆ ನೀರಾಗಲಿ ಅಂತ. ವಾಕಿಂಗಿಗೆ ಅಲ್ಲ. ಆಮೇಲೆ ಊರು ಬೆಳೆಯಿತು, ಗದ್ದೆ ಸೈಟಾಯಿತು, ಕೆರೆ ವಿಶ್ವವಿದ್ಯಾನಿಲಯದ ಸುಪರ್ದಿಗೆ ಬಂತು. ಕುವೆಂಪು ತಿರುಗಾಡಿದ ಏರಿ ಎಂದು ಈಗಲೂ ಜನ ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆ ಇರಲಿ. ಆದರೆ ಕೆರೆಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆಯ ಮೇಲೆ ಬಡಾವಣೆಗಳು ಎದ್ದಾಗ ಈ ಹೆಮ್ಮೆ ಎಲ್ಲಿತ್ತೋ! ಮಳೆ ನೀರಿನ ದಾರಿ ಅಲ್ಲಲ್ಲಿ ಮುಚ್ಚಿತು, ಚರಂಡಿ ನೀರಿಗೆ ದಾರಿ ಆಯಿತು. ಚರಂಡಿ ನೀರಿನ ಸಾರಕ್ಕೆ ಪಾಚಿ ಕೊಬ್ಬುತ್ತದೆ. ರಾತ್ರಿ ಆ ಪಾಚಿಯೇ ನೀರಿನಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಬೆಳಗಾಗುವ ಹೊತ್ತಿಗೆ ಮೀನು ಸತ್ತು ತೇಲುತ್ತದೆ. ಮೀನು ಹೋದರೆ ಹೆಜ್ಜಾರ್ಲೆ ಯಾಕೆ ಉಳಿದೀತು?

ಇಷ್ಟಾದರೂ ಕೆರೆ ಉಳಿದಿದೆ ಅಂದರೆ ಅದಕ್ಕೆ ಊರಿನ ಜನ ಸುಮ್ಮನೆ ಕೂರದಿದ್ದದ್ದೇ ಕಾರಣ. ವಾಕಿಂಗಿನವರೇ ಪ್ಲಾಸ್ಟಿಕ್ ಹೆಕ್ಕಿದ್ದಾರೆ, ಅರ್ಜಿ ಬರೆದಿದ್ದಾರೆ, ಕಚೇರಿ ಸುತ್ತಿದ್ದಾರೆ. ಹಕ್ಕಿ ನೋಡುವ ತಂಡಗಳು ಜನವರಿಯ ಚಳಿಯಲ್ಲಿ ನಿಂತು ನೀರುಹಕ್ಕಿಗಳ ತಲೆ ಎಣಿಸುತ್ತವೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿ, ಇರುಳು ಬಕ ಎಲ್ಲವೂ ಆ ಲೆಕ್ಕದಲ್ಲಿವೆ. ಸಂಬಳ ಇಲ್ಲದ ಕೆಲಸ, ಬಹಳ ಜನಕ್ಕೆ ಗೊತ್ತೂ ಇಲ್ಲ.

ಈಗ ಒಂದು ತಕರಾರಿನ ಮಾತು. ಅಂಗವಿಕಲರಿಗೆ ದಾರಿ ಮಾಡಿ ಅಂದಕೂಡಲೇ ಹಕ್ಕಿ ಪ್ರೇಮಿಗಳು ಗಾಬರಿಯಾಗುತ್ತಾರೆ. ಕಾಂಕ್ರೀಟು ಹಾಕ್ತಾರೆ, ದೀಪ ಹಾಕ್ತಾರೆ, ಹಕ್ಕಿ ಓಡಿಹೋಗುತ್ತೆ ಅಂತ. ಗಾಬರಿಗೆ ಕಾರಣ ಇಲ್ಲದಿಲ್ಲ. ‘ಅಭಿವೃದ್ಧಿ’ ಅಂದರೆ ನಮ್ಮ ಕಡೆ ಕಾರಂಜಿ, ಬಣ್ಣದ ದೀಪ, ದೋಣಿ, ಗುತ್ತಿಗೆದಾರ. ಆದರೆ ವೀಲ್ ಚೇರು ಯಾವ ಹೆಜ್ಜಾರ್ಲೆಯನ್ನೂ ಓಡಿಸುವುದಿಲ್ಲ. ನಡುಗಡ್ಡೆಯ ಮರದಲ್ಲಿ ಕೂರುವ ಹಕ್ಕಿಗೆ ಭಯ ಆಗೋದು ರಾತ್ರಿಯ ಬೆಳಕಿಗೆ, ಮೈಕಿಗೆ, ಹತ್ತಿರ ಬರುವ ದೋಣಿಗೆ. ಇದಾವುದನ್ನೂ ಗಾಲಿಕುರ್ಚಿಯವರು ಕೇಳಿಲ್ಲ.

ಅವರಿಗೆ ಬೇಕಾದ್ದು ಎಷ್ಟು ಸಣ್ಣದು ನೋಡಿ. ಗೇಟಿನಲ್ಲಿ ಮೂರಡಿ ಜಾಗ. ಸ್ಕೂಟರ್ ನುಗ್ಗದಿರಲಿ ಅಂತ ಪಾರ್ಕುಗಳ ಬಾಗಿಲಲ್ಲಿ ಅಡ್ಡಾದಿಡ್ಡಿ ಕಬ್ಬಿಣದ ಪೈಪು ನೆಡುತ್ತಾರಲ್ಲ, ಅಲ್ಲಿ ಸ್ಕೂಟರಿನವನು ಹೇಗೋ ಓರೆ ಮಾಡಿ ನುಗ್ಗುತ್ತಾನೆ, ವೀಲ್ ಚೇರಿನವರು ಹೊರಗೇ ಉಳಿಯುತ್ತಾರೆ. ಇನ್ನು ಇಳಿಜಾರು, ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಇದ್ದರೆ ಸಾಕು. ನೆಲಕ್ಕೆ ಕಾಂಕ್ರೀಟೇ ಆಗಬೇಕಿಲ್ಲ; ಮೊರಂ ಹಾಸಿ, ನೀರು ಹಾಯಿಸಿ, ರೋಲರ್ ಓಡಿಸಿ ಬಿಗಿ ಮಾಡಿದರೆ ಗಾಲಿ ಹೂಳುವುದಿಲ್ಲ, ಮಳೆ ನೀರೂ ಇಂಗುತ್ತದೆ. ಒರಗಲು ಬೆನ್ನು, ಏಳಲು ಕೈ ಆಸರೆ ಇರುವ ಬೆಂಚು ಸ್ವಲ್ಪ ದೂರಕ್ಕೊಂದು. ಒಳಗೆ ತಿರುಗಲು ಜಾಗ ಇರುವ ಒಂದು ಕಕ್ಕಸು. ಇಡೀ ಏರಿ ಬೇಡ, ಮೊದಲು ಅರ್ಧ ಕಿಲೋಮೀಟರು ಆಗಲಿ. ಬಸ್ಸಿನ ಮಾತು ಬೇರೆ. ಹುಣಸೂರು ರಸ್ತೆ ಬಸ್ಸಿನ ಮೊದಲ ಮೆಟ್ಟಿಲು ಮಂಡಿ ನೋವಿನ ಅಜ್ಜಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲೇ ಸರಿ. ಬಸ್ಸಿನಲ್ಲಿ ಓಡಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಇದು ದಾನ ಧರ್ಮದ ವಿಷಯವಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಸೌಲಭ್ಯದ ಮಾನದಂಡಗಳನ್ನು ಬರೀ ಸಲಹೆ ಎಂದು ಬಿಡದೆ ಕಡ್ಡಾಯ ಮಾಡಿ ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಕೇಂದ್ರಕ್ಕೆ ಹೇಳಿತು. 2011ರ ಜನಗಣತಿಯಲ್ಲೇ ರಾಜ್ಯದ ಅಂಗವಿಕಲರ ಸಂಖ್ಯೆ 13 ಲಕ್ಷ 24 ಸಾವಿರ. ಇವರೆಲ್ಲ ಮನೆ ಜಗಲಿ ಮೇಲೆ ಕೂತಿರಲಿ ಅನ್ನೋದು ಯಾವ ನ್ಯಾಯ?

ಜನ ಮನಸ್ಸು ಮಾಡಿದರೆ ಹಕ್ಕಿಯೂ ಮನುಷ್ಯನೂ ಒಟ್ಟಿಗಿರಬಹುದು ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಗೂಡು ಕಟ್ಟೋದು ಕಾಡಿನಲ್ಲಲ್ಲ, ಮನೆ ಹಿತ್ತಲಿನ ಹುಣಸೆ ಮರದಲ್ಲಿ. ಕೆಳಗೆ ದನ, ಮಕ್ಕಳು, ಬೀದಿ ಜಗಳ ಎಲ್ಲ ಇದ್ದೇ ಇದೆ. 90ರ ದಶಕದಲ್ಲಿ ಅಲ್ಲಿಯ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿ, ಗೂಡಿನಿಂದ ಬಿದ್ದ ಮರಿಗಳನ್ನು ಮೀನು ತಿನ್ನಿಸಿ ಸಾಕಿದರು. ಮೈಸೂರಿನ ಹಕ್ಕಿ ಆಸಕ್ತರು ಅವರ ಬೆನ್ನಿಗೆ ನಿಂತರು. 2007ರಲ್ಲಿ ಸರ್ಕಾರ ಆ ಊರನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಮೊದಲು ಜನ, ಆಮೇಲೆ ಸರ್ಕಾರ.

ಕುಕ್ಕರಹಳ್ಳಿಯಲ್ಲೂ ಅದೇ ಕ್ರಮದಲ್ಲಿ ಕೆಲಸ ಶುರುವಾಗಬಹುದು. ಬೆಂಚಿನ ಖರ್ಚು ವರ್ತಕರಿಗೆ ದೊಡ್ಡದಲ್ಲ. ಕೊಟ್ಟವರ ಹೆಸರನ್ನು ಬೆಂಚಿಗಿಂತ ದೊಡ್ಡದಾಗಿ ಕೆತ್ತಿಸದಿದ್ದರೆ ಸಾಕು! ನಾಲೆಯ ಒತ್ತುವರಿ, ಚರಂಡಿ ನೀರಿನ ತಡೆ ಮಾತ್ರ ಪಾಲಿಕೆ ಮತ್ತು ವಿಶ್ವವಿದ್ಯಾನಿಲಯ ಕೂತು ಮಾಡಬೇಕಾದ ಕೆಲಸ. ಅದನ್ನು ವಾಕಿಂಗಿನವರ ತಲೆಗೆ ಕಟ್ಟುವ ಹಾಗಿಲ್ಲ. ಬರುವ ಜನವರಿಯ ಹಕ್ಕಿ ಎಣಿಕೆಗೆ ಹೋಗುವವರು ವೀಲ್ ಚೇರಿನ ನಾಲ್ಕು ಜನರನ್ನೂ, ಬಿಳಿ ಕೋಲಿನ ಇಬ್ಬರನ್ನೂ ಜತೆಗೆ ಕರೆದುಕೊಂಡು ಹೋಗಲಿ. ಗಾಲಿ ಎಲ್ಲೆಲ್ಲಿ ಸಿಕ್ಕಿಕೊಂಡಿತು, ಕೋಲು ಎಲ್ಲೆಲ್ಲಿ ತಡವರಿಸಿತು ಅನ್ನೋದನ್ನು ಹಕ್ಕಿ ಪಟ್ಟಿಯ ಪಕ್ಕದಲ್ಲೇ ಬರೆದುಕೊಳ್ಳಲಿ. ಎರಡೂ ಪಟ್ಟಿ ಅದೇ ವಾರ ವಿಶ್ವವಿದ್ಯಾನಿಲಯದ ಇಂಜಿನಿಯರರ ಮೇಜಿಗೆ ಹೋಗಲಿ.